ಬಲಗೈಗೆ ಅವ್ವ, ಎಡಗೈಗೆ ಅಪ್ಪ

ನಿಮಗೀಗ ಹತ್ತು ವರ್ಷ. ಐದನೇ ತರಗತಿಯ ಹುಡುಗಿ. ಗೋಕಾಕ ತಾಲ್ಲೂಕಿನ ಒಂದು ಹಳ್ಳಿ, ಘಟಪ್ರಭಾ ದಂಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಜುಲೈ ತಿಂಗಳ ಜಿಟಿಜಿಟಿ ಮಳೆ. ವರಾಂಡದಲ್ಲಿ ಸಾಲು ಹಚ್ಚಿ ನಿಂತಿದ್ದೀರಿ. ಬಿಸಿಯೂಟದ ಕೋಣೆಯಿಂದ ಒಗ್ಗರಣೆ ವಾಸನೆ ಬರುತ್ತಿದೆ. ಹೊಟ್ಟೆ ಹಸಿದಿದೆ, ಆದರೂ ಇವತ್ತು ಊಟದ ಗಂಟೆ ತಡವಾಗಲಿ ಎಂದೇ ನಿಮ್ಮ ಆಸೆ. ಸಾಲಿನ ಆ ತುದಿಯಲ್ಲಿ ಪಿ.ಟಿ. ಸರ್ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಕೈಯಲ್ಲೊಂದು ಕೋಲು, ಮುಂದೊಂದು ಡೆಸ್ಕು. ಡೆಸ್ಕಿನ ಮೇಲೆ ಅವರು ಕುಟ್ಟಿದ್ದನ್ನು ಎದುರು ನಿಂತವರು ಚಪ್ಪಾಳೆಯಲ್ಲಿ ತಿರುಗಿ ಕೊಡಬೇಕು. ಕೊಟ್ಟವರು ಬ್ಯಾಂಡಿಗೆ, ತಪ್ಪಿದವರು ಲೇಜಿಮ್ಮಿಗೆ.

ನಿಮ್ಮ ಮುಂದಿನ ಹುಡುಗ ಗಡಿಬಿಡಿಯಲ್ಲಿ ಚಪ್ಪಾಳೆ ಹೊಡೆಯುತ್ತಾನೆ. "ಓಡಬ್ಯಾಡೋ ತಮ್ಮಾ, ನಡಿ" ಎನ್ನುತ್ತಾರೆ ಸರ್. ಅವನು ಮತ್ತೆ ಓಡುತ್ತಾನೆ, ಮತ್ತೆ ತಪ್ಪುತ್ತಾನೆ. ಈಗ ನೀವು. ಅಂಗೈ ಬೆವೆತಿದೆ, ಲಂಗಕ್ಕೆ ಒರೆಸಿಕೊಳ್ಳುತ್ತೀರಿ. ಸರ್ ಕುಟ್ಟುತ್ತಾರೆ: ಎರಡು ನಿಧಾನ, ಮೂರು ಬೇಗ, ಒಂದು ಬಿಡುವು, ಒಂದು ಏಟು. ಯೋಚಿಸುವ ಮೊದಲೇ ನಿಮ್ಮ ಕೈ ಅದನ್ನು ಹೇಳಿ ಮುಗಿಸಿದೆ. ಬಿಡುವಿನ ಜಾಗದಲ್ಲಿ ಬಿಡುವು ಅಷ್ಟೇ ಅಗಲ ಇದೆ. ಸರ್ ಇನ್ನೊಂದು ಕುಟ್ಟುತ್ತಾರೆ, ಮೊದಲಿಗಿಂತ ಉದ್ದದ್ದು. ಅದೂ ಬರುತ್ತದೆ.

"ಯಾರು ಕಲಿಸ್ಯಾರವಾ ನಿನಗ?"

ಉತ್ತರ ಗೊತ್ತಿದೆ. ಮುತ್ಯಾ. ಮಂಚದ ಮೇಲೆ ಕೂತು ತೊಡೆಯ ಮೇಲೆ ಎರಡು ಬೆರಳಲ್ಲಿ ಬಾರಿಸುತ್ತಿದ್ದ ಮುತ್ಯಾ, ಊರ ಹಲಗಿಯ ಮುತ್ಯಾ. ಆದರೆ ಅದನ್ನು ಹೇಳಿದರೆ ನೀವು ಯಾವ ಓಣಿಯವರು, ಯಾರ ಮನೆಯವರು ಎಂಬುದನ್ನೂ ಇಡೀ ಸಾಲಿನ ಮುಂದೆ ಹೇಳಿದಂತೆ. ಎಲ್ಲರಿಗೂ ಅದು ಗೊತ್ತೇ ಇದೆ. ನಿಮ್ಮ ಬಾಯಿಂದ ಬರುವುದು ಮಾತ್ರ ಬೇರೆ. ಗಂಟಲು ಒಣಗುತ್ತದೆ.

"ಯಾರೂ ಇಲ್ರಿ ಸರ."

ಸರ್ ಒಂದು ಕ್ಷಣ ನಿಮ್ಮನ್ನೇ ನೋಡಿ, ಪಟ್ಟಿಯಲ್ಲಿ ಹೆಸರು ಬರೆಯುತ್ತಾರೆ. ಸೈಡ್ ಡ್ರಮ್. ದೊಡ್ಡ ಡ್ರಮ್ ಗೌಡರ ಮನೆಯ ಹುಡುಗನಿಗೆ ಹೋಗಿದೆ.

ಸಂಜೆ ಅಪ್ಪ ಕಬ್ಬಿನ ಹೊಲದಿಂದ ಬಂದು ಕೈಕಾಲು ತೊಳೆಯುವವರೆಗೆ ಕಾಯುತ್ತೀರಿ. ಹೇಳುತ್ತೀರಿ. ಚರಿಗೆಯ ನೀರು ಅರ್ಧಕ್ಕೇ ನಿಲ್ಲುತ್ತದೆ.

"ನಮ್ಮಪ್ಪ ಬಡದ, ಅವರಪ್ಪ ಬಡದ. ನಿನ್ನ ಸಾಲಿಗೆ ಹಾಕಿದ್ದು ಬರ್ಯಾಕ, ಬಡ್ಯಾಕಲ್ಲ."

ಈ ಮಾತಿನ ಹಿಂದೆ ಏನಿದೆ ಎಂಬುದನ್ನು ನೀವು ತುಣುಕು ತುಣುಕಾಗಿ ಬಲ್ಲಿರಿ. ಊರಲ್ಲಿ ಹೆಣ ಬಿದ್ದರೆ ಕರೆ ಬರುತ್ತಿತ್ತು. ಜಾತ್ರೆಗೆ, ಡಂಗುರಕ್ಕೆ ಕರೆ ಬರುತ್ತಿತ್ತು. ಬೆಂಕಿಗೆ ಹಲಗಿ ಕಾಸಿ, ಚರ್ಮ ಬಿಗಿ ಮಾಡಿ, ಬರಿಗಾಲಲ್ಲಿ ಮೆರವಣಿಗೆಯ ಮುಂದೆ ನಡೆಯಬೇಕು. ಗುಡಿ ಬಂದಾಗ ಹೊರಗೆ ನಿಲ್ಲಬೇಕು. ಬಾರಿಸಿದ್ದಕ್ಕೆ ಕಾಳು, ಬಾರಿಸದಿದ್ದರೆ ಜಗಳ. 1925ರಲ್ಲಿ ಅಂಬೇಡ್ಕರರು ಹುಕ್ಕೇರಿಯ ಆಚೆಗಿನ ನಿಪ್ಪಾಣಿಗೆ ಬಂದು ಮಾತಾಡಿ ಹೋಗಿದ್ದರು. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಊರೂರಲ್ಲಿ ಜನ ಹಲಗಿ ಕೆಳಗಿಟ್ಟರು. ನಿಮ್ಮ ಅಪ್ಪ ಕೆಳಗಿಟ್ಟದ್ದು ನೀವು ಹುಟ್ಟುವ ಸ್ವಲ್ಪ ಮೊದಲು. ಅದಕ್ಕಾಗಿ ಅವರು ಏನೇನು ಕಳೆದುಕೊಂಡರು ಎಂಬುದನ್ನು ಮನೆಯಲ್ಲಿ ಯಾರೂ ಪೂರ್ತಿ ಹೇಳುವುದಿಲ್ಲ.

ನೀವು ಸುಮ್ಮನೆ ನಿಂತಿದ್ದೀರಿ. ಎದೆ ಕುಟ್ಟುತ್ತಿದೆ. ಬೇಡ ಅಂದರೆ ಬೇಡ ಎಂದು ಒಳಗೆ ಹೋಗಬಹುದು. ಲೇಜಿಮ್ಮೂ ಚೆನ್ನಾಗಿಯೇ ಇರುತ್ತದೆ. ಆದರೆ ಡೆಸ್ಕಿನ ಮುಂದೆ ನಿಂತಾಗ ಕೈಗೆ ಏನಾಯಿತೋ ಅದನ್ನು ಬಿಟ್ಟು ಒಳಗೆ ಹೋಗಲು ಕಾಲು ಬರುತ್ತಿಲ್ಲ.

"ಗೌಡ್ರ ಹುಡುಗನೂ ಬಾರಸ್ತಾನ ಯಪ್ಪಾ. ದೊಡ್ಡದು ಅವನ ಹೊರತಾನ."

ಅಪ್ಪ ನಿಮ್ಮ ಕಡೆ ತಿರುಗುತ್ತಾರೆ. ಬಹಳ ಹೊತ್ತಿನ ಮೇಲೆ ಕೇಳುತ್ತಾರೆ: "ಬೂಟು ಹಾಕ್ಕೊಂಡು ಬಾರಸ್ತಾರೇನು?"

"ಹೂಂನಪಾ. ಸಾಲ್ಯಾಗ ಕೊಟ್ಟ ಬೂಟು. ಎಲ್ಲಾರೂ."

ಕರಿ ಬೂಟು, ಎರಡು ಜೊತೆ ಕಾಲುಚೀಲ. ಸರ್ಕಾರಿ ಶಾಲೆಯ ಮಕ್ಕಳಿಗೆ ಅವನ್ನು ಉಚಿತವಾಗಿ ಕೊಡುವುದು ಶುರುವಾದದ್ದು 2015-16ರಲ್ಲಿ. ಆ ಯೋಜನೆ ಮಾಡಿದವರು ಈ ಪ್ರಶ್ನೆಯನ್ನು ಕೇಳಿಸಿಕೊಂಡಿರಲಿಕ್ಕಿಲ್ಲ. ಅಪ್ಪ ಮಿಕ್ಕ ನೀರು ಕಾಲಿಗೆ ಸುರಿದುಕೊಂಡು ಒಳಗೆ ಹೋಗುತ್ತಾರೆ. ಆಯಿತು ಎನ್ನುವುದಿಲ್ಲ, ಬೇಡ ಎಂದೂ ಎನ್ನುವುದಿಲ್ಲ. ಅವ್ವ ಒಲೆಯ ಹತ್ತಿರದಿಂದ ನಿಮ್ಮ ಕಡೆ ನೋಡಿ ತಲೆಯಾಡಿಸುತ್ತಾಳೆ.

ಡ್ರಮ್ ಮಾತ್ರ ಕೈಗೆ ಸಿಗುವುದಿಲ್ಲ. ಮೊದಲ ವಾರವೆಲ್ಲ ಡೆಸ್ಕು, ಬೇವಿನ ಕೋಲು. ಕಲಿಸಲು ಪಕ್ಕದೂರಿನ ನಿವೃತ್ತ ಫೌಜಿಯೊಬ್ಬರು ಸಂಜೆ ಸೈಕಲ್ ಮೇಲೆ ಬರುತ್ತಾರೆ. ಬೆಳಗಾವಿಯಲ್ಲಿ ಮರಾಠಾ ರೆಜಿಮೆಂಟಿನ ಕೇಂದ್ರ 1922ರಿಂದಲೂ ಇದೆ. ಫೌಜು ಸೇರಿ, ಪೆನ್ಶನ್ ಪಡೆದು ಮರಳಿದವರು ಈ ಸೀಮೆಯ ಹಳ್ಳಿಗಳಲ್ಲಿ ಬಹಳ. ಈ ಅಜ್ಜ ನಿಮ್ಮ ಎಡಗೈಯನ್ನು ಹಿಡಿದು ತಿರುಗಿಸುತ್ತಾರೆ. ಅಂಗೈ ಮೇಲಕ್ಕೆ, ಕೋಲು ಹೆಬ್ಬೆರಳಿನ ಬುಡದಲ್ಲಿ, ಮುಂದಿನ ಭಾಗ ಉಂಗುರ ಬೆರಳಿನ ಮೇಲೆ. ಬಲಗೈ ಬೇರೆ ಥರ, ಸುತ್ತಿಗೆ ಹಿಡಿದ ಹಿಡಿತ. ಎರಡು ಕೈ ಎರಡು ರೀತಿ ಯಾಕೆ ಎಂದು ನೀವು ಕೇಳುತ್ತೀರಿ. ಡ್ರಮ್ ಹೆಗಲಿನಿಂದ ಇಳಿಬಿದ್ದು ಎಡ ತೊಡೆಯ ಮೇಲೆ ಓರೆಯಾಗಿ ನಿಲ್ಲುತ್ತದೆ, ಎಡಗೈ ಅದರ ಅಂಚು ದಾಟಿ ಒಳಗೆ ಬರಬೇಕಲ್ಲ ಎನ್ನುತ್ತಾರೆ.

"ಬಲಗೈಲೆ ಅವ್ವ, ಎಡಗೈಲೆ ಅಪ್ಪ" ಎನ್ನುತ್ತಾರೆ. ಒಂದೊಂದು ಕೈಗೆ ಎರಡೆರಡು ಏಟು. ಅವ್-ವ, ಅಪ್-ಪ. ಅವ್-ವ, ಅಪ್-ಪ. ನಿಧಾನವಾಗಿ ಶುರುಮಾಡಿ, ವೇಗ ಹೆಚ್ಚಿಸುತ್ತ ಹೋಗಬೇಕು. ಒಂದು ಹೊತ್ತಿಗೆ ಏಟುಗಳು ಒಂದಕ್ಕೊಂದು ಕೂಡಿ, ಕಾದ ಹಂಚಿಗೆ ಗೋವಿನಜೋಳ ಹಾಕಿದಂತೆ ಸದ್ದು ಏಳಬೇಕು. ನಿಮ್ಮದು ಏಳುವುದಿಲ್ಲ. ಅವ್ವ ಗಟ್ಟಿ, ಅಪ್ಪ ಮೆತ್ತಗೆ. ಎಡಗೈ ಹೆಬ್ಬೆರಳಿನ ಬುಡದಲ್ಲಿ ಗುಳ್ಳೆ ಎದ್ದು, ಒಡೆದು, ಉರಿಯುತ್ತದೆ. ರೊಟ್ಟಿ ಮುರಿಯುವಾಗ ಖಾರ ತಾಗಿ ಕಣ್ಣಲ್ಲಿ ನೀರು ಬರುತ್ತದೆ. ಅಪ್ಪ ನೋಡುತ್ತಾರೆ, ಏನೂ ಹೇಳುವುದಿಲ್ಲ.

ಎರಡನೇ ವಾರ ಕೋಣೆಯ ಬಾಗಿಲು ತೆಗೆಯುತ್ತಾರೆ. ಒಳಗೆ ರಾಡಿಯ ವಾಸನೆ ಇನ್ನೂ ಇದೆ. 2019ರ ಆಗಸ್ಟಿನಲ್ಲಿ ಹೊಳೆ ಊರೊಳಗೆ ಬಂದಾಗ ಗೋಡೆಗೆ ಬಿದ್ದ ಗೆರೆ ನಿಮ್ಮ ತಲೆಗಿಂತ ಮೇಲಿದೆ. ಆ ನೀರಲ್ಲಿ ನೆನೆದ ಡ್ರಮ್ಮುಗಳ ಕಬ್ಬಿಣದ ಬಳೆಗೆ ತುಕ್ಕು ಹಿಡಿದಿದೆ. ನಿಮ್ಮ ಪಾಲಿನದನ್ನು ಹೊರತಂದು, ಅಡಿಯ ತಂತಿಗಳನ್ನು ಒರೆಸಿ, ಪಟ್ಟಿಯನ್ನು ಹೆಗಲಿಗೆ ಏರಿಸುತ್ತೀರಿ. ಭಾರ ಎಣಿಸಿದ್ದಕ್ಕಿಂತ ಹೆಚ್ಚು. ಹೆಜ್ಜೆಯಿಟ್ಟಾಗಲೆಲ್ಲ ಅಂಚು ಮೊಣಕಾಲಿನ ಮೇಲೆ ಬಡಿಯುತ್ತದೆ. ರಾತ್ರಿ ಅಲ್ಲಿ ನೀಲಿ ಕಲೆ ಎದ್ದಿರುತ್ತದೆ, ಒತ್ತಿದರೆ ನೋವು. ನೀವು ಮತ್ತೆ ಮತ್ತೆ ಒತ್ತಿ ನೋಡಿಕೊಳ್ಳುತ್ತೀರಿ.

ಅಜ್ಜ ಬಿಡುವಿನಲ್ಲಿ ಕತೆ ಹೇಳುತ್ತಾರೆ. ಘಟಪ್ರಭಾದ ಆರೋಗ್ಯಧಾಮ ಗೊತ್ತಲ್ಲ, ಅದನ್ನು ಕಟ್ಟಿದವರಲ್ಲಿ ಒಬ್ಬರು ಡಾ. ನಾ.ಸು. ಹರ್ಡೀಕರ್. ಅವರೇ 1923ರಲ್ಲಿ ಹಿಂದೂಸ್ತಾನಿ ಸೇವಾ ದಳ ಕಟ್ಟಿ, ಖಾದಿ ತೊಟ್ಟ ಹುಡುಗರಿಗೆ ಕವಾಯತು ಕಲಿಸಿದವರು. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ದುಡಿದವರು ಆ ಸ್ವಯಂಸೇವಕರು. ಬ್ರಿಟಿಷರ ಕವಾಯತನ್ನು ಕಲಿತು ಬ್ರಿಟಿಷರ ಎದುರೇ ನಡೆದರು ಎಂದು ಅಜ್ಜ ತೊಡೆ ತಟ್ಟುತ್ತಾರೆ. ಇನ್ನು ಕಿತ್ತೂರಿನಲ್ಲಿ 1969ರಿಂದ ಹುಡುಗಿಯರಿಗೇ ಒಂದು ಸೈನಿಕ ಶಾಲೆ ಇದೆ ಎಂದು ಹೇಳಿ ನಿಮ್ಮ ಕಡೆ ನೋಡುತ್ತಾರೆ. ನೀವು ಡ್ರಮ್ಮಿನ ಕಡೆ ನೋಡುತ್ತೀರಿ.

ಮೊದಲ ಸಲ ಎಲ್ಲರೂ ಒಟ್ಟಿಗೆ ಬಾರಿಸುವ ದಿನ. ದೊಡ್ಡ ಡ್ರಮ್ಮಿನ ಏಟು ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತದೆ. ಝಾಂಜಿನ ಸದ್ದಿಗೆ ಹಲ್ಲು ಜುಮ್ಮೆನ್ನುತ್ತದೆ. ನಿಮ್ಮ ಡ್ರಮ್ ನಿಮಗೇ ಕೇಳಿಸುವುದಿಲ್ಲ. ಗಾಬರಿಯಾಗಿ ಜೋರು ಮಾಡುತ್ತೀರಿ, ಪಕ್ಕದವನೂ ಜೋರು ಮಾಡುತ್ತಾನೆ, ಎಲ್ಲರೂ ಓಡುತ್ತಾರೆ. "ನಿಲ್ರಿ! ಫೌಜಿನ್ಯಾಗ ಮಿನಿಟಿಗೆ 120 ಹೆಜ್ಜಿ. ನಿಮಗ 100 ಸಾಕ. ನಿಮ್ಮದು ನೀವು ಕೇಳಬ್ಯಾಡ್ರಿ, ದೊಡ್ಡದ್ದು ಕೇಳ್ರಿ." ಗೌಡರ ಹುಡುಗ ನಿಮ್ಮ ಕಡೆ ತಿರುಗಿ, ಬಾಯಲ್ಲಿ ಲೆಕ್ಕ ಹೇಳುತ್ತ ಕೋಲು ಎತ್ತುತ್ತಾನೆ. ಈ ಸಲ ಅವನ ಏಟಿನ ಒಳಗೆ ನಿಮ್ಮ ನಾಲ್ಕು ಏಟು ಹೋಗಿ ಕೂರುತ್ತವೆ. ಮೈಮೇಲಿನ ಕೂದಲು ನಿಲ್ಲುತ್ತದೆ.

ಆಗಸ್ಟ್ 15. ಬೆಳಕು ಹರಿಯುವ ಮೊದಲೇ ಟೆಂಪೋದಲ್ಲಿ ಒತ್ತಿಕೊಂಡು ಕೂತಿದ್ದೀರಿ. ಲೋಳಸೂರ ಸೇತುವೆ ಮೇಲೆ ಗಾಡಿ ನಿಧಾನವಾಗುತ್ತದೆ. ಕೆಳಗೆ ಕೆಂಪು ನೀರು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟು ದಾಟಿ, ಗೋಕಾಕ ಫಾಲ್ಸಿನಲ್ಲಿ 52 ಮೀಟರ್ ಧುಮುಕಿ ಬಂದ ನೀರು ಅದು. ಮುಂದೆ ಮೂಡಲಗಿ ತಾಲ್ಲೂಕಿನ ಹಳ್ಳಿಗಳ ಮಗ್ಗುಲಿಗೆ ಹರಿಯುತ್ತದೆ. ಅಲ್ಲಿಯೂ ಇದೇ ಹೊತ್ತಿಗೆ ಮಕ್ಕಳು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಾರೆ.

ಗೋಕಾಕದ ಮೈದಾನ ಒದ್ದೆ. ಧ್ವಜ ಏರುತ್ತದೆ. ರಾಷ್ಟ್ರಗೀತೆಯ 52 ಸೆಕೆಂಡು ನೀವು ಅಲುಗುವುದಿಲ್ಲ, ಪಟ್ಟಿ ಹೆಗಲು ಕೊರೆಯುತ್ತದೆ. ಆಮೇಲೆ ಪಥಸಂಚಲನ. ಪೊಲೀಸರು, ಹೋಮ್ ಗಾರ್ಡ್, ಸ್ಕೌಟು, ಅವರ ಹಿಂದೆ ನೀವು. ಎಡ, ಬಲ, ಎಡ. ಹನಿ ಬೀಳುತ್ತದೆ. ಕೋಲು ಒದ್ದೆಯಾಗುತ್ತದೆ. ಅವ್-ವ, ಅಪ್-ಪ. ವೇದಿಕೆ ಹತ್ತಿರ ಬರುತ್ತಿದೆ. ಅವ್-ವ. ಬಲಗೈ ಖಾಲಿ.

ಕೋಲು ಇಲ್ಲ.

ಕೆಳಗೆ ಬಿದ್ದಿದೆ. ಹಿಂದಿನವನ ಬೂಟಿನ ಬಳಿ. ಬಗ್ಗಲೇ? ಬಗ್ಗಿದರೆ ಸಾಲು ನಿಲ್ಲುತ್ತದೆ, ಹಿಂದಿನವರು ಮೈಮೇಲೆ ಬರುತ್ತಾರೆ. ನಿಲ್ಲಿಸಲೇ? ನಿಲ್ಲಿಸಿದರೆ ಎಲ್ಲರಿಗೂ ಕಾಣುತ್ತದೆ. ಮುಖ ಬಿಸಿಯಾಗಿದೆ, ಉಸಿರು ಸಿಕ್ಕಿಕೊಂಡಿದೆ. ಎಡ ಹೆಜ್ಜೆ. ದೊಡ್ಡದ್ದು ಕೇಳ್ರಿ. ದೊಡ್ಡದು ಕೇಳುತ್ತಿದೆ. ಎಡಗೈ ಏಳುತ್ತದೆ, ಬೀಳುತ್ತದೆ. ಅಪ್-ಪ. ಬಿಡುವು. ಅಪ್-ಪ. ಬಿಡುವು. ಬಲಗೈಯ ಜಾಗದಲ್ಲಿ ಮೌನ ಬಿಟ್ಟು ಎಡಗೈಯ ಏಟು ಮಾತ್ರ ಇಡುತ್ತ ವೇದಿಕೆ ದಾಟುತ್ತೀರಿ. ತಲೆ ಬಲಕ್ಕೆ ತಿರುಗಿದಾಗ ಬೇಲಿಯ ಆಚೆ, ಜನರ ನಡುವೆ, ಅಪ್ಪ. ಹೊಲ ಬಿಟ್ಟು ಬಂದಿದ್ದಾರೆ.

ಎಲ್ಲ ಮುಗಿದ ಮೇಲೆ ಮರದಡಿ ಬರುತ್ತಾರೆ. ಮೊದಲು ನಿಮ್ಮ ಬೂಟು ನೋಡುತ್ತಾರೆ. ಆಮೇಲೆ ಪಟ್ಟಿಯನ್ನು ಹೆಗಲಿನಿಂದ ಇಳಿಸಿ, ಡ್ರಮ್ಮನ್ನು ತಾವೇ ಹಿಡಿದು, ಎರಡು ಬೆರಳಲ್ಲಿ ನಡುವೆ ಒಮ್ಮೆ, ಅಂಚಿಗೆ ಒಮ್ಮೆ ಬಾರಿಸಿ ಕಿವಿಗೊಡುತ್ತಾರೆ. "ಈ ಕಡೆ ಸಡಲ ಆಗೇತ್ರಿ ಸರ. ಬಿಗೀ ಮಾಡಸ್ರಿ, ಹುಡುಗಿ ಕೈಗೆ ಹೆಚ್ಚಿಗಿ ಭಾರ ಬೀಳತೇತಿ." ಸರ್ ಸ್ಕ್ರೂ ತಿರುಗಿಸುವ ಕೀಲಿ ಚಾಚುತ್ತಾರೆ. ಅಪ್ಪ ಅದನ್ನು ತೆಗೆದುಕೊಳ್ಳುತ್ತಾರೆ. ಈ ಸಲ ಅವರನ್ನು ಯಾರೂ ಕರೆಸಿಲ್ಲ.

ಈ ಹುಡುಗಿಯನ್ನು ನಾನು ಹೆಸರಿಟ್ಟು ಕರೆಯಲಿಲ್ಲ, ನಿಮ್ಮನ್ನೇ ಆ ಜಾಗದಲ್ಲಿ ನಿಲ್ಲಿಸಿದೆ. ಏಕೆಂದರೆ ಪಟ್ಟಿ ಬರೆಯುವವರು ನೀವೇ: ಗೋಕಾಕ, ಮೂಡಲಗಿ, ಹುಕ್ಕೇರಿಯ ಶಿಕ್ಷಕರೇ, ಶಾಲಾ ಮೇಲುಸ್ತುವಾರಿ ಸಮಿತಿಯ ಹಿರಿಯರೇ, ಊರು ಬಿಟ್ಟು ಪುಣೆಗೋ ಬೆಂಗಳೂರಿಗೋ ಹೋದ ಹಳೆಯ ವಿದ್ಯಾರ್ಥಿಗಳೇ. ಡ್ರಮ್ಮುಗಳ ಮೇಲ್ಹೊದಿಕೆ ಹರಿದಿದ್ದರೆ ಜೂನ್ ತಿಂಗಳಲ್ಲೇ ಹಾಕಿಸಿ ಕೊಡಿ, ಆಗಸ್ಟಿನವರೆಗೆ ಕಾಯಬೇಡಿ. ಪಟ್ಟಿಗೆ ಹೆಗಲ ಬಳಿ ಮೆತ್ತನೆಯ ಬಟ್ಟೆ ಹೊಲಿಸಿ. ವರ್ಷಕ್ಕೊಮ್ಮೆ ವಾದ್ಯಗಳನ್ನು ಅದಲುಬದಲು ಮಾಡಿ, ದೊಡ್ಡದು ಒಂದೇ ಮನೆತನಕ್ಕೆ ಖಾಯಂ ಆಗದಿರಲಿ. ಚಪ್ಪಾಳೆಯ ಪರೀಕ್ಷೆಯಲ್ಲಿ ಒಂದು ಮಗು ಚೆನ್ನಾಗಿ ಬಾರಿಸಿದರೆ ಹೆಸರು ಬರೆದುಕೊಳ್ಳಿ. ಯಾರು ಕಲಿಸಿದರು ಎಂದು ಎಲ್ಲರ ಮುಂದೆ ಕೇಳಬೇಡಿ.