ಪುಕ್ಕ ಕರಗುವ ಬಾಟಲಿ

ಬೆಳಗ್ಗೆ ಆರೂವರೆ. ಚಂದ್ರಚೂಡೇಶ್ವರನ ಬೆಟ್ಟದ ಮೇಲೆ ಮಂಜು ಇನ್ನೂ ಎದ್ದಿಲ್ಲ, ಕೆಳಗೆ ಹೊಸೂರಿನ ಕೋಳಿ ಅಂಗಡಿಯಲ್ಲಿ ಡ್ರಮ್ಮು ಆಗಲೇ ತಿರುಗುತ್ತಿದೆ. ಒಳಗೋಡೆಗೆಲ್ಲ ರಬ್ಬರ್ ಬೆರಳು. ಬಿಸಿನೀರಲ್ಲಿ ಅದ್ದಿದ ಕೋಳಿ ಬೀಳುತ್ತದೆ, ಅರ್ಧ ನಿಮಿಷ ದಡಬಡ, ಬೋಳಾಗಿ ಎದ್ದು ಬರುತ್ತದೆ. ತಳದ ಕಿಂಡಿಯಿಂದ ಒದ್ದೆ ಪುಕ್ಕ ಮುದ್ದೆಮುದ್ದೆಯಾಗಿ ಜಾರಿ ಚೀಲ ಸೇರುತ್ತದೆ. ಅದೇ ಚೀಲಕ್ಕೆ ಕರುಳು, ಕಾಲು, ಹರಿದ ಪ್ಲಾಸ್ಟಿಕ್ ಕವರು. ‘ಸ್ಕಿನ್‌ಲೆಸ್’ ಕೇಳಿದವರ ಕೋಳಿಗೆ ಡ್ರಮ್ಮಿನ ಹಂಗೂ ಇಲ್ಲ. ಅಂಗಿ ಬಿಚ್ಚಿದ ಹಾಗೆ ಚರ್ಮ, ಪುಕ್ಕ ಒಟ್ಟಿಗೇ ಬರುತ್ತವೆ.

ಅಂಗಡಿಯವನು ಗಿರಾಕಿಗೆ ತಮಿಳಲ್ಲಿ ರೇಟು ಹೇಳಿ, ಹುಡುಗನನ್ನು ತೆಲುಗಲ್ಲಿ ಬೈದು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳುತ್ತಾನೆ: “ಪುಕ್ಕ ತಗೊಂಡು ಏನ್ ಮಾಡ್ತೀರ ಸಾರ್?”

ಎರಡು ಕೆಜಿ ಕೋಳಿಗೆ ಸುಮಾರು 100 ಗ್ರಾಂ ಪುಕ್ಕ. ಒಣಗಿದ ಪುಕ್ಕದಲ್ಲಿ ನೂರಕ್ಕೆ ಹೆಚ್ಚುಕಡಿಮೆ 90 ಪಾಲು ಕೆರಾಟಿನ್ ಎಂಬ ಪ್ರೋಟೀನು. ಬೇಳೆಯಲ್ಲಿ ಇಷ್ಟಿಲ್ಲ, ಮೊಟ್ಟೆಯಲ್ಲೂ ಇಲ್ಲ. ಆದರೆ ಬಹುತೇಕ ಹೊಟ್ಟೆಗಳಿಗೆ ದಕ್ಕುವುದಿಲ್ಲ. ನಮ್ಮ ಉಗುರು, ಕೂದಲು, ಕುರಿಯ ಉಣ್ಣೆ ಎಲ್ಲ ಇದೇ ಕುಲ. ಎಳೆಗೂ ಎಳೆಗೂ ನಡುವೆ ಗಂಧಕದ ಕೊಂಡಿ ಬಿಗಿದಿದೆ. ಆ ಕೊಂಡಿ ಕಳಚದೆ ಜಠರದ ರಸ ಏನೂ ಮಾಡಲಾರದು.

ಒಂದು ಹಿಡಿ ಪುಕ್ಕ ಕೈಚೀಲಕ್ಕೆ ಹಾಕಿಕೊಂಡು ಅಂಗಡಿಯ ಹಿತ್ತಲಿಗೆ ಬನ್ನಿ. ಇಲ್ಲಿ ಹಳೇ ರಾಶಿಯೊಂದಿದೆ. ಕಡ್ಡಿಯಲ್ಲಿ ಕೆದಕಿದರೆ ಮೇಲೆ ಪುಕ್ಕ ಪುಕ್ಕವಾಗಿಯೇ ಇದೆ. ಒಂದು ಗೇಣು ಕೆಳಗೆ ಬರೀ ದಂಟು. ಅದರ ಕೆಳಗೆ ಕಪ್ಪು ಮಣ್ಣು, ಅಷ್ಟೆ. ನಡುವೆ ಯಾರೋ ಊಟ ಮಾಡಿದ್ದಾರೆ. ಆ ಮಣ್ಣು ಒಂದು ಚಮಚ ಸಾಕು.

ಹೀಗೇ ಒಬ್ಬರು ಗಮನಿಸಿದ್ದು ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಕೋಳಿಗೊಬ್ಬರದಿಂದ ಅನಿಲ ತೆಗೆಯುವ ತೊಟ್ಟಿಯನ್ನು ಜೇಸನ್ ಶಿಹ್ 50 ಡಿಗ್ರಿ ಶಾಖದಲ್ಲಿ ನಡೆಸುತ್ತಿದ್ದರು. ಗೊಬ್ಬರದ ಜೊತೆ ಒಳಗೆ ಹೋದ ಪುಕ್ಕ ಹೊರಗೆ ಬರುತ್ತಲೇ ಇರಲಿಲ್ಲ. ತಿನ್ನುತ್ತಿದ್ದುದು ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾ. 1990ರಲ್ಲಿ ಅದರ ವಿವರ ಪ್ರಕಟವಾಯಿತು. ಅದೇನೂ ಅಲ್ಲಿನ ಪರದೇಶಿ ಜೀವಿಯಲ್ಲ. ನೆಲ ಕೆದರಿ ಮೇಯುವ ಹಕ್ಕಿಗಳ ಮೈಮೇಲೂ ಇರುತ್ತದೆ, ಮಣ್ಣಲ್ಲೂ ಇರುತ್ತದೆ.

ಮನೆಗೆ ಬಂದೆವು. ಅಡುಗೆಮನೆ ಕಟ್ಟೆಯ ಮೇಲೆ ಮೂರು ಬಾಟಲಿ. ಮೂರಕ್ಕೂ ನೀರು, ಚಿಟಿಕೆ ಫಾಸ್ಫೇಟ್ ಉಪ್ಪು. ಮೊದಲನೆಯದಕ್ಕೆ ತೊಳೆದ ಪುಕ್ಕ ಮಾತ್ರ, ಕುದಿಸಿ ಮುಚ್ಚಿದ್ದು. ಎರಡನೆಯದಕ್ಕೆ ಪುಕ್ಕ, ಜೊತೆಗೆ ಹಿತ್ತಲ ಮಣ್ಣು. ಮೂರನೆಯದಕ್ಕೆ ಅದೇ ಮಣ್ಣು, ಆದರೆ ಪುಕ್ಕದ ಬದಲು ಒಂದು ಚೂರು ಉಣ್ಣೆ. ಉಣ್ಣೆ ಕೃಷ್ಣಗಿರಿ ಕಡೆಯ ಕುರುಬರ ಮನೆಯೊಂದರಿಂದ ತಂದದ್ದು. ಮನೆಮಾತು ಕನ್ನಡ, ಮಗ್ಗ ಅಟ್ಟ ಸೇರಿದೆ. ಈಗ ಕುರಿಯಿಂದ ಕತ್ತರಿಸಿದ ಉಣ್ಣೆಯನ್ನು ಕೊಳ್ಳುವವರಿಲ್ಲದೆ ತಿಪ್ಪೆಗೆ ಸುರಿಯುತ್ತಾರೆ. ಮಣ್ಣು ಹಾಕಿದ ಎರಡು ಬಾಟಲಿಗೂ ಮೀನಿನ ತೊಟ್ಟಿಯ ಪುಟ್ಟ ಪಂಪಿನ ಗಾಳಿ. ಗಾಳಿಯಿಲ್ಲದಿದ್ದರೆ ಈ ಕೆಲಸ ಬೇಗ ಸಾಗದು.

“ಇಡ್ಲಿ ಹಿಟ್ಟಿನ ಪಕ್ಕದಲ್ಲಾ?” ಅಂದರು ಅಮ್ಮ. ಬಾಟಲಿಗಳು ಸ್ನಾನದ ಹಂಡೆಯ ಪಕ್ಕದ ಬೆಚ್ಚನೆ ಮೂಲೆಗೆ ಹೋದವು.

ಎರಡನೇ ದಿನ ಪುಕ್ಕ, ಮಣ್ಣು ಹಾಕಿದ ಬಾಟಲಿ ಅಕ್ಕಿ ತೊಳೆದ ನೀರಿನಷ್ಟು ಕದಡಿತು. ಮೂರನೇ ದಿನ ಒಂದು ಪುಕ್ಕ ಎತ್ತಿ ಬೆಳಕಿಗೆ ಹಿಡಿದೆ. ದಂಟಿನ ಎಡಗಡೆ ಎಳೆಗಳು ಹಲ್ಲು ಉದುರಿದ ಬಾಚಣಿಗೆ. ಬಲಗಡೆಯವು ಬೆರಳು ತಾಕಿದ್ದೇ ಲೋಳೆಯಾಗಿ ಕೈಗೆ ಬಂದವು. ಐದನೇ ದಿನ ಬೆತ್ತಲೆ ದಂಟುಗಳಷ್ಟೇ ಉಳಿದಿದ್ದವು, ಅವೂ ಬಾಗಿದರೆ ನೆಟ್ಟಗಾಗವು. ಮುಚ್ಚಳ ತೆಗೆಯುವಾಗ ಮೂಗು ಮುಚ್ಚಿಕೊಳ್ಳಿ. ಮೊದಲು ಕೊಳೆತ ಮೊಟ್ಟೆ, ಹಿಂದೆಯೇ ದನದ ಕೊಟ್ಟಿಗೆಯ ಗಂಜಲ. ಮೊದಲನೆಯದು ಕಳಚಿದ ಗಂಧಕ, ಎರಡನೆಯದು ಅಮೋನಿಯಾ. ಬ್ಯಾಕ್ಟೀರಿಯಾ ಕೊಂಡಿ ಸಡಿಲಿಸುತ್ತದೆ, ಆಮೇಲೆ ಕೆರಾಟಿನೇಸ್ ಎಂಬ ಕಿಣ್ವದಿಂದ ಎಳೆಯನ್ನು ತುಂಡುತುಂಡು ಮಾಡುತ್ತದೆ. ಕುದಿಸಿ ಮುಚ್ಚಿದ ಬಾಟಲಿಯ ಪುಕ್ಕ ಮಾತ್ರ ಮದುಮಗಳ ಹಾಗೆ ಹಾಗೇ ಕೂತಿತ್ತು.

ಕದಡಿದ ನೀರಲ್ಲಿ ಈಗ ಚೂರಾದ ಪ್ರೋಟೀನು, ಅಮೈನೋ ಆಮ್ಲಗಳು. ಇದನ್ನೇ ದೊಡ್ಡದಾಗಿ ಮಾಡಿ, ಕುದಿಸಿ, ಸೋಸಿ, ಒಣಗಿಸಿದರೆ ಮೇವಿಗೆ ಬೆರೆಸಬಹುದು. ಪುಕ್ಕದ ಹಿಟ್ಟನ್ನು ಕಾರ್ಖಾನೆಗಳು ಬಹುಕಾಲದಿಂದ ಮಾಡುತ್ತಿವೆ, ಆದರೆ ಒತ್ತಡದ ಹಬೆಯಲ್ಲಿ ಬೇಯಿಸಿ. ಉರುವಲು ಸುಡುತ್ತದೆ, ಬೇಯುವ ಭರದಲ್ಲಿ ಕೆಲವು ಅಮೈನೋ ಆಮ್ಲಗಳೂ ಕೆಡುತ್ತವೆ. ಬ್ಯಾಕ್ಟೀರಿಯಾಕ್ಕೆ ಹಂಡೆ ಪಕ್ಕದ ಶಾಖ ಸಾಕು. ಹಾಗಂತ ಇದು ಪೂರ್ಣಾನ್ನವೇನಲ್ಲ. ಕೆರಾಟಿನ್‌ನಲ್ಲಿ ಲೈಸಿನ್, ಮೆಥಿಯೋನಿನ್ ಕಡಿಮೆ. ಸೋಯಾ ಹಿಂಡಿಯ ಜಾಗದಲ್ಲಿ ಒಂದು ಪಾಲು ಹಾಕಬಹುದು, ಪೂರ್ತಿ ಅಲ್ಲ. ಮೇವು ಬೇಡವೆಂದರೆ ಗೊಬ್ಬರಕ್ಕೆ ಗುಲಾಬಿ ತೋಟವಿದೆ: ಒಣ ಪುಕ್ಕದ ತೂಕದಲ್ಲಿ ನೂರಕ್ಕೆ ಸುಮಾರು 15 ಪಾಲು ಸಾರಜನಕ, ಹೊಸೂರಿನ ಸುತ್ತ ಗುಲಾಬಿಗೇನು ಬರವಿಲ್ಲ.

“ಕೋಳಿಗೇ ಕೋಳಿ ಪುಕ್ಕ ತಿನ್ನಿಸೋದಾ?” ಅಮ್ಮ ಮುಖ ಕಿವುಚಿದರು. ಆ ಅಸಹ್ಯ ಸುಳ್ಳಲ್ಲ. ಕೋಳಿಯ ರೋಗ ಕೋಳಿಗೇ ಮರಳಬಾರದಲ್ಲ. ನಾನಾದರೆ ಮೀನಿಗೆ ಹಾಕುತ್ತೇನೆ.

ಉಣ್ಣೆಯ ಬಾಟಲಿ? ಹತ್ತನೇ ದಿನವೂ ಎಳೆಗಳು ಎಳೆಗಳೇ. ನೀರು ಅಷ್ಟಿಷ್ಟು ಕದಡಿದೆ, ಅಷ್ಟೆ. ಉಣ್ಣೆಯಲ್ಲಿ ಗಂಧಕದ ಕೊಂಡಿ ಇನ್ನೂ ಹೆಚ್ಚು, ಮೇಲೆ ಕುರಿಯ ಮೈಜಿಡ್ಡು. ಮಳೆಗಾಲದಲ್ಲಿ ಬಯಲಲ್ಲಿ ಮಲಗುವವನ ಕಂಬಳಿ ಬೇಗ ಕೊಳೆಯದೆ ಇದ್ದುದಕ್ಕೆ ಕಾರಣ ಹುಡುಕುತ್ತ ನಾನು ಬಾಟಲಿ ಅಲ್ಲಾಡಿಸುತ್ತ ಕೂತಿದ್ದೆ.

ಮತ್ತೆ ಅಂಗಡಿಗೆ ಹೋಗಿ ಪುಕ್ಕ ಬೇರೆ, ಕರುಳು ಬೇರೆ ಇಡಲಾಗುತ್ತದೆಯೇ ಎಂದು ಕೇಳಿದೆ. ಹಿಟ್ಟು ಮಾಡುವವನಿಗೆ ಬೇಕಾದ್ದು ಬ್ಯಾಕ್ಟೀರಿಯಾಕ್ಕಿಂತ ಮೊದಲು ಇದು. ಅಂಗಡಿಯವನು ಕತ್ತಿ ಒರೆಸಿಕೊಳ್ಳುತ್ತ ಹೊರಗೆ ಕೈ ತೋರಿಸಿದ. ಕಸದ ಚೀಲ ಒಯ್ಯುವ ಆಟೋದವನು ಕಾಯುತ್ತಿದ್ದ, ಎಂಜಿನ್ ಆರಿಸಿರಲಿಲ್ಲ.

“ಎರಡು ಚೀಲ ಮಾಡಿದ್ರೆ ಎರಡರ ದುಡ್ಡು ಕೇಳ್ತಾನೆ ಸಾರ್,” ಅಂದ. “ಅದನ್ನ ಯಾರು ಕೊಡ್ತಾರೆ?”