ಎಡಗೈಗೆ ಗವಸು

ಅಕ್ಕನ ಮಗನಿಗೆ ಹುಟ್ಟುವ ಹೊತ್ತಿಗೇ ಮಿದುಳಿನ ಎಡಭಾಗದಲ್ಲಿ ಸ್ಟ್ರೋಕ್ ಆಗಿತ್ತು. "ಎಳೇ ಮಿದುಳು, ತಾನೇ ಸರಿಹೋಗುತ್ತೆ ಬಿಡು" ಅಂದರು ನೆಂಟರೆಲ್ಲ.

ಈ ನಂಬಿಕೆ ಪೂರ್ತಿ ಸುಳ್ಳೇನಲ್ಲ. 1930ರ ದಶಕದಲ್ಲಿ ಅಮೆರಿಕದ ಯೇಲ್‌ನಲ್ಲಿ ಮಾರ್ಗರೆಟ್ ಕೆನಾರ್ಡ್ ಮಂಗಗಳ ಮಿದುಳಿಗೆ ಗಾಯ ಮಾಡಿ ನೋಡಿದಾಗ, ದೊಡ್ಡವಕ್ಕಿಂತ ಮರಿಗಳೇ ಚೆನ್ನಾಗಿ ಚೇತರಿಸಿಕೊಂಡವು. ಆದರೆ ಬೆಳೆಯುತ್ತಾ ಹೋದಂತೆ ಕೆಲವು ತೊಂದರೆಗಳು ತಡವಾಗಿ ತಲೆಯೆತ್ತಿದ್ದನ್ನೂ ಆಕೆಯೇ ಗಮನಿಸಿದ್ದರು.

ನಮ್ಮ ಹುಡುಗನಿಗೆ ಮಾತು ಬಂತು. ಒಂದು ಸರ್ವರ್ ಬಿದ್ದರೆ ಇನ್ನೊಂದು ಲೋಡ್ ಹೊರುತ್ತಲ್ಲ, ಹಾಗೆ ಮಿದುಳಿನ ಬಲಭಾಗ ಮಾತನ್ನು ವಹಿಸಿಕೊಂಡಿರಬಹುದು. ಬಲಗೈ ಮಾತ್ರ ಬರಲಿಲ್ಲ. ಈಗ ಥೆರಪಿಸ್ಟ್ ಹೇಳಿದಂತೆ ದಿನಾ ಎರಡು ಗಂಟೆ ಎಡಗೈಗೆ ಗವಸು. ಬಲಗೈಯಲ್ಲೇ ಮಂಡಕ್ಕಿ ಹೆಕ್ಕಬೇಕು. ಅವನು ಇಲ್ಲಿ ಅಳುತ್ತಾನೆ, ಅಕ್ಕ ಅಡುಗೆಮನೆಯಲ್ಲಿ... ನಿನ್ನೆ ಏಳು ಮಂಡಕ್ಕಿ ಬಟ್ಟಲಿಗೆ ಬಿತ್ತು!

'ಸರಿಹೋಗುತ್ತೆ' ಅನ್ನೋದಕ್ಕೆ ನನ್ನ ತಕರಾರಿಲ್ಲ. 'ತಾನೇ' ಅನ್ನೋದಕ್ಕೆ ಮಾತ್ರ. ಇಂಥ ಮಗು ನಿಮ್ಮ ಮನೆಯಲ್ಲಿದ್ದರೆ ಕಾಯುತ್ತಾ ಕೂರಬೇಡಿ ಮಾರಾಯ್ರೇ.