ಪಟ್ಟಿ ಯಾವ ಕಣ್ಣಿಗೆ?

ನಮ್ಮ ಸೋದರಮಾವ ಕಣ್ಣಿನ ಪೊರೆ ತೆಗೆಸಿಕೊಂಡಿದ್ದು ಆಷಾಢದಲ್ಲಿ. ಆಷಾಢದಲ್ಲಿ ಆಪರೇಷನ್ ಬೇಡವೆಂದು ಅತ್ತೆ ಗೊಣಗಿದ್ದರು. "ಶ್ರಾವಣ ಬರೋ ತನಕ ಪೊರೆ ಕಾಯ್ತಾ ಕೂತಿರುತ್ತಾ?" ಎಂದು ಮಾವ ಅವರ ಬಾಯಿ ಮುಚ್ಚಿಸಿದರು. ಮನೆಗೆ ಬಂದಾಗ ಬಲಗಣ್ಣಿನ ಮೇಲೆ ಬಿಳಿ ಪಟ್ಟಿ, ಕೈಯಲ್ಲಿ ಮಾಡಬಾರದ್ದರ ಪಟ್ಟಿ. ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ನೀರು ಹಾಕಬಾರದು, ಕಣ್ಣುಜ್ಜಬಾರದು. ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಟಿವಿ ಸ್ವಲ್ಪ ನೋಡಬಹುದು ಎಂದಿದ್ದರಂತೆ ಡಾಕ್ಟರು. ಮಾವನ ಲೆಕ್ಕದಲ್ಲಿ ಸ್ವಲ್ಪ ಎಂದರೆ ಒಂದು ಇಡೀ ಸಿನಿಮಾ.

"ಯಾವುದಾದ್ರೂ ಕುದುರೆ ಪಿಚ್ಚರ್ ಹಾಕೋ" ಎಂದರು.

ಹಾಲಿವುಡ್ಡಿನವರು ವೆಸ್ಟರ್ನ್ ಎಂದು ಕರೆಯುವ ಜಾತಿಗೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇದೇ ಹೆಸರು. ಮಾವ ಬೆಂಗಳೂರಿನಲ್ಲಿ ಕಾಲೇಜು ಓದುವಾಗ 'ಮೆಕನಾಸ್ ಗೋಲ್ಡ್' ಅನ್ನು ಗಾಂಧಿ ಕ್ಲಾಸಿನಲ್ಲಿ ಕೂತು ಎಷ್ಟು ಸಲ ನೋಡಿದರೋ, ಕೇಳಿದಾಗಲೆಲ್ಲ ಒಂದು ಸಲ ಹೆಚ್ಚಾಗುತ್ತದೆ. ಇಂಗ್ಲಿಷ್ ಅರ್ಥವಾಗುತ್ತಿತ್ತಾ ಎಂದರೆ, "ಕುದುರೆ ಇಂಗ್ಲಿಷಲ್ಲಿ ಓಡುತ್ತೇನೋ?" ಎನ್ನುತ್ತಾರೆ. ಧೂಳು, ಹ್ಯಾಟು, ಬಂಡೆಯ ಸಂದಿಯಿಂದ ಇಣುಕುವ ಬಂದೂಕಿನ ಮೂತಿ. ಮುಂದಿನ ಬೆಂಚಿನ ಹುಡುಗರಿಗೆ ಇದಕ್ಕಿಂತ ಹೆಚ್ಚಿನ ವ್ಯಾಕರಣ ಬೇಕಿರಲಿಲ್ಲ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರಿಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವನ ಸಿನಿಮಾ ಹಾಕಿದೆ. 1969ರ 'ಟ್ರೂ ಗ್ರಿಟ್'. ಅಪ್ಪನನ್ನು ಕೊಂದವನನ್ನು ಹಿಡಿಯಲು ಮ್ಯಾಟಿ ರಾಸ್ ಎಂಬ 14 ವರ್ಷದ ಹುಡುಗಿ, ಕುಡುಕನೂ ಒಕ್ಕಣ್ಣನೂ ಆದ ರೂಸ್ಟರ್ ಕಾಗ್‌ಬರ್ನ್ ಎಂಬ ಮಾರ್ಷಲ್‌ನನ್ನು ದುಡ್ಡು ಕೊಟ್ಟು ಗೊತ್ತು ಮಾಡಿಕೊಳ್ಳುವ ಕತೆ. ಆ ಒಕ್ಕಣ್ಣನಾಗಿ ಜಾನ್ ವೇಯ್ನ್. ಅಷ್ಟು ಹೊತ್ತಿಗೆ ಅವನಿಗೆ 60 ದಾಟಿತ್ತು, ಕ್ಯಾನ್ಸರಿಗೆ ಒಂದು ಶ್ವಾಸಕೋಶ ಕೊಟ್ಟು ಐದು ವರ್ಷವಾಗುತ್ತ ಬಂದಿತ್ತು, ಹೊಟ್ಟೆ ಬೆಲ್ಟಿನಾಚೆ ಬಂದಿತ್ತು. ಅವನ ಬದುಕಿನ ಏಕೈಕ ನಟನೆಯ ಆಸ್ಕರ್ ಸಿಕ್ಕಿದ್ದು ಈ ಪಾತ್ರಕ್ಕೆ. ಚಿತ್ರಕತೆ ಬರೆದಾಕೆ ಮಾರ್ಗರೀಟ್ ರಾಬರ್ಟ್ಸ್. 50ರ ದಶಕದಲ್ಲಿ ಕಮ್ಯುನಿಸ್ಟರ ಹೆಸರು ಹೇಳಲೊಲ್ಲದೆ ಹಾಲಿವುಡ್ಡಿನ ಬಹಿಷ್ಕಾರ ಉಂಡವಳು. ವೇಯ್ನ್ ಕಟ್ಟಾ ಬಲಪಂಥೀಯ. ಆದರೂ ಆಕೆ ಬರೆದದ್ದನ್ನು ಮೆಚ್ಚಿ ಕುದುರೆ ಹತ್ತಿದ.

"ಇವನದು ಎಡಗಣ್ಣು" ಎಂದರು ಮಾವ, ತಮ್ಮ ಬಲಗಣ್ಣಿನ ಪಟ್ಟಿಯನ್ನು ಮೃದುವಾಗಿ ಮುಟ್ಟಿ ನೋಡಿಕೊಂಡು.

ಕೊನೆಯಲ್ಲಿ ಹಿಮ ಬಿದ್ದ ಒಂದು ಸ್ಮಶಾನ. ಮ್ಯಾಟಿ ತನ್ನ ಮನೆತನದ ಜಾಗದಲ್ಲಿ, ತನ್ನ ಪಕ್ಕದಲ್ಲೇ ರೂಸ್ಟರನಿಗೂ ಒಂದು ಗೋರಿಯ ಜಾಗ ಕೊಡುತ್ತೇನೆ ಎನ್ನುತ್ತಾಳೆ. ಅವನು ನಕ್ಕು ಆ ಮಾತನ್ನು ತೇಲಿಸಿಬಿಟ್ಟು ಕುದುರೆ ಏರುತ್ತಾನೆ. ನಾನಿನ್ನೂ ಬೇಲಿ ಹಾರಬಲ್ಲೆ ನೋಡು ಎನ್ನುವಂತೆ ಬೇಲಿ ಹಾರಿಸಿ ಹ್ಯಾಟು ಬೀಸುತ್ತಾನೆ. ಮಾವ ಸೋಫಾದ ಮೇಲೆಯೇ ಒಂದು ಗೇಣು ಎದ್ದು ಕೂತರು. ಭಾರ ಎತ್ತಬಾರದು ಎಂದವರು ಇದನ್ನು ಲೆಕ್ಕ ಹಿಡಿದಿರಲಿಲ್ಲ.

"ಇದನ್ನೇ 2010ರಲ್ಲಿ ಮತ್ತೆ ತೆಗೆದಿದ್ದಾರೆ ಮಾವ. ನಾಳೆ ಹಾಕಲಾ?"

"ರೀಮೇಕಾ?" ಎಂದರು. ಹಲಸಂದೆ ಹುಳಿಯಲ್ಲಿ ಹುಳು ಕಂಡವರ ಮುಖ. ಕನ್ನಡಿಗರಿಗೆ ಆ ಪದವೇ ಒಂದು ಬೈಗುಳ. ಅದಕ್ಕೆ ಎದುರಾಗಿ 'ಸ್ವಮೇಕ್' ಎಂಬ ಪದವನ್ನೇ ಹುಟ್ಟಿಸಿಕೊಂಡ ಜನ ನಾವು. ಸ್ವಂತ ಕತೆಗೊಂದು ಹೆಸರು ಬೇಕಾಗುವಷ್ಟು ಅದು ಅಪರೂಪವಾಗಿತ್ತು ಎಂಬುದು ಬೇರೆ ಮಾತು.

ಹಾಗಾಗಿ ಮಾವ ಮೊದಲು ನೋಡಿರದ ಕತೆಯಿಂದ ಶುರು ಮಾಡಿದೆ. '3:10 ಟು ಯೂಮಾ', ಹಳೆಯದೂ ಹೊಸದೂ. ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಬಂದಿತ್ತು. ಎಲ್ಮೋರ್ ಲೆನರ್ಡ್ 1953ರಲ್ಲಿ ಅಗ್ಗದ ಪತ್ರಿಕೆಯೊಂದಕ್ಕೆ ಬರೆದ ಸಣ್ಣ ಕತೆ ಇದರ ಬೇರು. ಪದಕ್ಕೆ ಎರಡು ಸೆಂಟಿನಂತೆ 90 ಡಾಲರ್ ಸಿಕ್ಕಿತ್ತು ಲೇಖಕನಿಗೆ. ಆ ದರ ಕೇಳಿ ನನಗೆ ಆತ ತೀರಾ ಆತ್ಮೀಯನೆನ್ನಿಸಿದ. 1957ರಲ್ಲಿ ಡೆಲ್ಮರ್ ಡೇವ್ಸ್ ಅದನ್ನು ಕಪ್ಪು ಬಿಳುಪಿನಲ್ಲಿ ಒಂದೂವರೆ ಗಂಟೆಯ ಸಿನಿಮಾ ಮಾಡಿದ. ಬರಗಾಲ, ದನಗಳಿಗೆ ನೀರಿಲ್ಲ. ನೀರಿಗೆ ಬೇಕಾದ 200 ಡಾಲರಿಗಾಗಿ ಡ್ಯಾನ್ ಇವಾನ್ಸ್ ಎಂಬ ರೈತ, ಬೆನ್ ವೇಡ್ ಎಂಬ ದರೋಡೆಕೋರನನ್ನು ಜೈಲಿಗೊಯ್ಯುವ ರೈಲು ಹತ್ತಿಸಲು ಒಪ್ಪುತ್ತಾನೆ. ರೈಲು ಬರುವವರೆಗೆ ಒಂದು ಹೋಟೆಲ್ ಕೋಣೆಯಲ್ಲಿ ಇಬ್ಬರೇ ಕೂತಿರಬೇಕು. ವೇಡ್ ಆದ ಗ್ಲೆನ್ ಫೋರ್ಡ್ ಮಂಚದ ಮೇಲೆ ಆರಾಮಾಗಿ ಒರಗಿಕೊಂಡು ಬೆಣ್ಣೆಯಂಥ ಮಾತಾಡುತ್ತಾನೆ. ಬಿಟ್ಟುಬಿಡು, ಇಷ್ಟು ಕೊಡುತ್ತೇನೆ, ಅದರ ಎರಡರಷ್ಟು ಕೊಡುತ್ತೇನೆ. ರೈತನಾದ ವ್ಯಾನ್ ಹೆಫ್ಲಿನ್ ಬಂದೂಕು ಹಿಡಿದು ಬೆವರುತ್ತಾನೆ.

"ಇದು ಕರ್ಣಭೇದನ ಕಣೋ" ಎಂದರು ಮಾವ. ಮೂಡಬಿದಿರೆಯಲ್ಲಿ ಕೆಲಸದಲ್ಲಿದ್ದಾಗ ತಾಳಮದ್ದಳೆಯ ಹುಚ್ಚು ಹತ್ತಿಸಿಕೊಂಡು ಬಂದವರು ಅವರು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ಕೃಷ್ಣ ರಾಜ್ಯದ ಆಸೆ ತೋರಿಸುತ್ತಾನೆ, ಕರ್ಣ ಕರಗಲೊಲ್ಲ. ಒಳ್ಳೆಯ ಅರ್ಥಧಾರಿಗಳು ಎದುರುಬದುರು ಕೂತರೆ ನಿಜವಾಗಿ ಬೇಡಿಕೊಳ್ಳುತ್ತಿರುವವರು ಯಾರೆಂದೇ ಗೊತ್ತಾಗುವುದಿಲ್ಲ. ಇಲ್ಲೂ ಹಾಗೆಯೇ. ಕೈಕೋಳ ತೊಟ್ಟವನು ಹಗುರಾಗಿದ್ದಾನೆ, ಕೀಲಿಕೈ ಇರುವವನು ಸಿಕ್ಕಿಬಿದ್ದಿದ್ದಾನೆ. ಕೊನೆಗೆ ಕಳ್ಳನೇ ರೈತನ ಜೊತೆ ರೈಲಿಗೆ ಹಾರಿಕೊಳ್ಳುತ್ತಾನೆ. ಗುಡುಗುತ್ತದೆ, ಮಳೆ ಬರುತ್ತದೆ. ಹಳಿಯ ಪಕ್ಕದಲ್ಲಿ ನೆನೆಯುತ್ತ ನಿಂತ ಹೆಂಡತಿಗೆ ಡ್ಯಾನ್ ರೈಲಿನಿಂದ ಕೈಬೀಸುತ್ತಾನೆ. ನಮ್ಮ ಕಿಟಕಿಯಾಚೆಗೂ ಆಷಾಢದ ಜಿಟಿಜಿಟಿ ಇತ್ತು. ಸಿನಿಮಾದ್ದು ನಿಮಿತ್ತಕ್ಕೆ ಬಂದ ಮಳೆ, ನಂಬುವಂಥದ್ದಲ್ಲ. ಆದರೆ ಬರ ಕಂಡವರು ಯಾರೂ ಮಳೆಯ ಹತ್ತಿರ ಕಾರಣ ಕೇಳುವುದಿಲ್ಲ.

2007ರ ಜೇಮ್ಸ್ ಮ್ಯಾಂಗೋಲ್ಡ್ ಆ ಮಳೆಯನ್ನು ಕಿತ್ತುಹಾಕಿದ್ದಾನೆ. ಎರಡು ಗಂಟೆಯ ಸಿನಿಮಾ. ದಾರಿ ಉದ್ದವಾಗಿದೆ, ಗುಂಡುಗಳು ಹೆಚ್ಚಾಗಿವೆ. ಕ್ರಿಶ್ಚಿಯನ್ ಬೇಲ್ ಅಂತರ್ಯುದ್ಧದಲ್ಲಿ ಪಾದ ಕಳೆದುಕೊಂಡ ರೈತ. ಅವನು ಕಾದುತ್ತಿರುವುದು ನೀರಿಗಲ್ಲ, ತನ್ನನ್ನು ಕೈಲಾಗದವನೆಂದು ನೋಡುವ ಮಗನ ಕಣ್ಣಿಗಾಗಿ. ರಸೆಲ್ ಕ್ರೋ ಹಕ್ಕಿಯ ಚಿತ್ರ ಬಿಡಿಸುತ್ತ ಕೂರುವ ದರೋಡೆಕೋರ. ಬೆನ್ ಫಾಸ್ಟರ್ ಎಂಬ ನಟ ಕ್ರೋನ ಬಂಟನಾಗಿ ಬಂದಾಗಲೆಲ್ಲ ಅವರಿಬ್ಬರನ್ನೂ ಮರೆಸಿಬಿಡುತ್ತಾನೆ. ಇಷ್ಟೆಲ್ಲ ಚೆನ್ನಾಗಿದ್ದು, ಕೊನೆಗೆ ರೈತ ಆ ಬಂಟನ ಗುಂಡಿಗೆ ಬೀಳುತ್ತಾನೆ. ಕ್ರೋ ತನ್ನ ಗುಂಪನ್ನೇ ಸುಟ್ಟುಹಾಕಿ, ತಾನಾಗಿಯೇ ರೈಲು ಹತ್ತಿ, ಕಿಟಕಿಯಿಂದ ಸಿಳ್ಳೆ ಹಾಕಿ ತನ್ನ ಕುದುರೆಯನ್ನು ಕರೆಯುತ್ತಾನೆ.

"ರೈತನ್ನ ಸಾಯಿಸಿ ಮಗನಿಗೆ ಅಪ್ಪ ದೊಡ್ಡವನು ಅಂತ ತೋರಿಸಿದ್ರೆ ದನಕ್ಕೆ ನೀರು ಕುಡಿಸೋರ್ಯಾರು?" ಎಂದರು ಮಾವ. ನಾನು ಹೊಸದರ ಪರ ವಾದಿಸಲು ಬಾಯಿ ತೆರೆದೆ. ಡ್ರಾಪ್ಸ್ ಹೊತ್ತಾಯಿತು. ಈಗ ಬರೆಯುವಾಗ ಮಾವನ ಮಾತೇ ಸರಿ ಅನ್ನಿಸುತ್ತಿದೆ. ನಾಯಕ ಸತ್ತರೆ ಸಿನಿಮಾಕ್ಕೆ ಗಾಂಭೀರ್ಯ ಬಂತು ಎಂದು ನಮ್ಮ ಕಾಲದವರು ನಂಬಿದ್ದೇವೆ. ಬದುಕಿ ಮನೆಗೆ ಹೋಗಿ ಒದ್ದೆ ಬಟ್ಟೆ ಬದಲಾಯಿಸಿಕೊಳ್ಳುವವನನ್ನು ತೋರಿಸಲು ಇನ್ನೂ ಹೆಚ್ಚಿನ ಧೈರ್ಯ ಬೇಕು.

'ಮ್ಯಾಗ್ನಿಫಿಸೆಂಟ್ ಸೆವೆನ್' ವಿಷಯಕ್ಕೆ ಹೆಚ್ಚು ಹೊತ್ತು ಬೇಡ. 1960ರದ್ದೇ ರೀಮೇಕು, ಕುರೊಸಾವನ 1954ರ 'ಸೆವೆನ್ ಸಮುರಾಯ್'ನದು. ಕುರೊಸಾವನೋ ಜಾನ್ ಫೋರ್ಡನ ಕುದುರೆ ಪಿಚ್ಚರ್‌ಗಳನ್ನು ಆರಾಧಿಸಿದವನು. ಅಂದಮೇಲೆ ಯಾರ ಮನೆಯ ಹೆಪ್ಪು ಯಾರ ಹಾಲಿಗೆ ಬಿತ್ತು ಎಂದು ಹುಡುಕುವುದು ದಂಡ. ಅದೇ ಹೆಪ್ಪು ನಮ್ಮ ರಾಮನಗರಕ್ಕೂ ಬಂತು. ರಾಮದೇವರ ಬೆಟ್ಟದ ಬಂಡೆಗಳ ನಡುವೆ ಊರೊಂದನ್ನು ಕಟ್ಟಿ, ಏಳು ಜನರನ್ನು ಇಬ್ಬರಿಗಿಳಿಸಿ 'ಶೋಲೆ' ತೆಗೆದರು. ಅಲ್ಲೂ ಕೊನೆ ಬದಲಾಯಿತು. ಠಾಕೂರ್ ಗಬ್ಬರನನ್ನು ತುಳಿದು ಕೊಲ್ಲುವುದೆಂದು ಚಿತ್ರೀಕರಿಸಿದ್ದರೂ, 1975ರ ತುರ್ತುಪರಿಸ್ಥಿತಿಯ ಸೆನ್ಸಾರ್ ಒಪ್ಪದೆ ಪೊಲೀಸರು ಸರಿಯಾದ ಸಮಯಕ್ಕೆ ಓಡಿಬಂದರು. ಇನ್ನು 2016ರ ಹೊಸ 'ಸೆವೆನ್': ಡೆನ್ಜೆಲ್ ವಾಷಿಂಗ್ಟನ್ ಇದ್ದಾನೆ, ಊರು ಲೂಟಿ ಮಾಡುವ ಡಕಾಯಿತನ ಜಾಗದಲ್ಲಿ ಚಿನ್ನದ ಗಣಿಯ ಧಣಿ ಬಂದಿದ್ದಾನೆ. ಆ ಬದಲಾವಣೆ ಬಳ್ಳಾರಿ ಕಂಡ ನಮಗೆ ಬಿಡಿಸಿ ಹೇಳಬೇಕಿಲ್ಲ. ಆದರೂ ಮೈ ಜುಮ್ಮೆನ್ನುವುದು ಕೊನೆಯಲ್ಲಿ ಹೆಸರುಗಳು ಬರುವಾಗ, ಎಲ್ಮರ್ ಬರ್ನ್‌ಸ್ಟೈನನ 1960ರ ಹಳೆಯ ಧಾಟಿ ಮೊಳಗಿದಾಗಲೇ. ಮಾವ ಅರ್ಧಕ್ಕೇ ಗೊರಕೆ ಹೊಡೆಯುತ್ತಿದ್ದರು.

ಕೊನೆಗೂ ಒಂದು ಸಂಜೆ, "ಆ ಒಕ್ಕಣ್ಣನ ಹೊಸದು ಹಾಕು, ನೋಡೇಬಿಡೋಣ" ಎಂದರು. ಕೋಯೆನ್ ಸಹೋದರರ 'ಟ್ರೂ ಗ್ರಿಟ್'. ತಾವು ವೇಯ್ನ್‌ನ ಸಿನಿಮಾವನ್ನಲ್ಲ, ಚಾರ್ಲ್ಸ್ ಪೋರ್ಟಿಸನ 1968ರ ಕಾದಂಬರಿಯನ್ನು ತೆಗೆಯುತ್ತಿದ್ದೇವೆ ಎಂದವರು ಅವರು. ಎಲ್ಲ ರೀಮೇಕಿನವರೂ ಹೀಗೇ ಹೇಳುತ್ತಾರೆ. ಇವರು ಮಾತ್ರ ಹೇಳಿದ್ದನ್ನು ಮಾಡಿದ್ದಾರೆ. ಕಾದಂಬರಿಯಲ್ಲಿ ಕತೆ ಹೇಳುವವಳು ಮುದುಕಿಯಾದ ಮ್ಯಾಟಿ. ಆ ದನಿ ಹಳೆಯ ಸಿನಿಮಾದಲ್ಲಿ ಬಿಟ್ಟುಹೋಗಿತ್ತು, ಇಲ್ಲಿ ಮರಳಿದೆ. ಹಳೆಯದರಲ್ಲಿ ಮ್ಯಾಟಿಯಾದ ಕಿಮ್ ಡಾರ್ಬಿಗೆ 20 ದಾಟಿತ್ತು. ಇಲ್ಲಿ ಹೇಲಿ ಸ್ಟೈನ್‌ಫೆಲ್ಡ್‌ಗೆ 13. ಅಪ್ಪ ಕೊಂಡ ಕುದುರೆಮರಿಗಳನ್ನು ವ್ಯಾಪಾರಿಗೇ ವಾಪಸು ಮಾರಲು ಅವಳು ಚೌಕಾಸಿಗೆ ಕೂರುವುದನ್ನು ನೋಡಬೇಕು. ದನದ ಜಾತ್ರೆಯಲ್ಲಿ ಟವೆಲಿನಡಿ ಬೆರಳು ಹಿಡಿದು ಪಳಗಿದ ದಲ್ಲಾಳಿ ಕೂಡ ಅವಳೆದುರು ಕೈ ಬಿಟ್ಟು ಏಳುತ್ತಾನೆ. ಹಳೆಯದರಲ್ಲಿ ಕೊಲರಾಡೊದ ಗಿರಿಶಿಖರಗಳೂ ಹಳದಿ ಎಲೆಗಳೂ ಕ್ಯಾಲೆಂಡರಿನಂತೆ ಹೊಳೆಯುತ್ತಿದ್ದವು. ಇಲ್ಲಿ ರೋಜರ್ ಡೀಕಿನ್ಸನ ಕ್ಯಾಮೆರಾದಲ್ಲಿ ಬೋಳು ಮರ, ಬೂದಿಬಣ್ಣದ ಆಕಾಶ, ಚಳಿ. ಹತ್ತು ಆಸ್ಕರ್ ನಾಮನಿರ್ದೇಶನ ಬಂದು ಒಂದೂ ಕೈಗೆ ಬರಲಿಲ್ಲ ಈ ಸಿನಿಮಾಕ್ಕೆ.

ಹೊಸ ರೂಸ್ಟರ್ ಆದ ಜೆಫ್ ಬ್ರಿಜಸ್ ಮುಖ ತೋರಿಸಿದ್ದೇ ಮಾವ ನನ್ನ ತೊಡೆ ತಟ್ಟಿದರು. "ನೋಡೋ, ಇವನು ಬಲಗಣ್ಣು! ನನ್ನ ಪಾರ್ಟಿ!"

ವೇಯ್ನ್ ಎಡಗಣ್ಣಿಗೆ ಕಟ್ಟಿದ ಪಟ್ಟಿಯನ್ನು ಬ್ರಿಜಸ್ ಬಲಗಣ್ಣಿಗೆ ಕಟ್ಟಿದ್ದಾನೆ. ಲಗಾಮನ್ನು ಹಲ್ಲಲ್ಲಿ ಕಚ್ಚಿ, ಎರಡು ಕೈಯಲ್ಲೂ ಬಂದೂಕು ಹಿಡಿದು ನಾಲ್ವರ ಮೇಲೆ ನುಗ್ಗುವ ಆ ಪ್ರಸಿದ್ಧ ದೃಶ್ಯ ಎರಡರಲ್ಲೂ ಇದೆ, ಎರಡರಲ್ಲೂ ಮಾವ ಸಿಳ್ಳೆ ಹಾಕಿದರು. ಆಮೇಲೆ ಹಾವು ಕಚ್ಚಿದ ಹುಡುಗಿಯನ್ನು ರಾತ್ರಿಯಿಡೀ ಹೊತ್ತೋಡಿದ ಕುದುರೆ ಕುಸಿದು ಬಿದ್ದಾಗ ಮನೆ ನಿಶ್ಶಬ್ದವಾಯಿತು. ವೇಯ್ನ್‌ನ ಸಿನಿಮಾದಲ್ಲಿ ಮ್ಯಾಟಿಯ ಕೈ ಉಳಿದಿತ್ತು. ಇಲ್ಲಿ, ಕಾದಂಬರಿಯಲ್ಲಿದ್ದಂತೆ, ಕೈ ಹೋಗುತ್ತದೆ. 25 ವರ್ಷದ ನಂತರ, ಮದುವೆಯಾಗದ ಒಂಟಿಗೈಯ ಹೆಂಗಸಾಗಿ ಅವಳು ರೂಸ್ಟರನನ್ನು ಹುಡುಕಿಕೊಂಡು ಮೆಂಫಿಸ್‌ಗೆ ಹೋಗುತ್ತಾಳೆ. ಅವನು ಸರ್ಕಸ್ಸಿನಂಥ ಒಂದು ತಂಡದಲ್ಲಿ ವೇಷ ಕಟ್ಟುತ್ತಿದ್ದನಂತೆ. ಸತ್ತು ಮೂರು ದಿನವಾಗಿದೆ. ಅವಳು ದೇಹವನ್ನು ತರಿಸಿ ತನ್ನ ಮನೆತನದ ಜಾಗದಲ್ಲೇ ಮಣ್ಣು ಮಾಡಿಸುತ್ತಾಳೆ. 1969ರಲ್ಲಿ ಅವನು ನಕ್ಕು ಬೇಡವೆಂದಿದ್ದನಲ್ಲ, ಅದೇ ಜಾಗ.

ಹೆಸರುಗಳೆಲ್ಲ ಉರುಳಿ ಮುಗಿಯುವವರೆಗೆ ಮಾವ ಮಾತಾಡಲಿಲ್ಲ. ಕಪ್ಪು ಕನ್ನಡಕದ ಹಿಂದೆ ಏನಿತ್ತೋ ಕಾಣಲಿಲ್ಲ.

"ಹೊಸದೇ ಚೆನ್ನಾಗಿದೆ" ಎಂದರು ಆಮೇಲೆ. ರೀಮೇಕೊಂದನ್ನು ಅವರು ಹೊಗಳಿದ್ದು ಅದೇ ಮೊದಲು.

ನಾನು ಡ್ರಾಪ್ಸ್ ಬಾಟಲಿ ಎತ್ತಿಕೊಂಡೆ. ಅವರು ಬೇಡವೆಂದು ಕೈ ಅಡ್ಡ ಹಿಡಿದು, ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು.

"ಡ್ರಾಪ್ಸ್ ಆಮೇಲೆ ಹಾಕುವೆಯಂತೆ. ಆ ಹಳೇದರಲ್ಲಿ ಬೇಲಿ ಹಾರ್ತಾನಲ್ಲ, ಅದೊಂದು ಹಾಕು."